ಅವ್ವನ ಎಡಗಾಲು, ನನ್ನ ಬಲ ಮೊಣಕಾಲು

ನನ್ನ ಅವ್ವ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಬೆಳಗಾದರೆ ಸಾಕು, ಯಾರಾದರೂ ಒಬ್ಬರು ಸೊಂಟ ಹಿಡಿದುಕೊಂಡೋ ಕುತ್ತಿಗೆ ಓರೆ ಮಾಡಿಕೊಂಡೋ ನಮ್ಮ ಕಟ್ಟೆಯ ಮುಂದೆ ನಿಂತಿರುತ್ತಿದ್ದರು. ಅವ್ವ ನೂಲು ಸುತ್ತುವ ರಾಟೆ ಬಿಟ್ಟು ಎದ್ದು ಬರುವಳು. ಬಂದವರನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಎಡಗಾಲಿನ ಹಿಮ್ಮಡಿಯನ್ನು ನೋವಿನ ಜಾಗಕ್ಕೆ ಮೂರು ಸಲ ಮೆಲ್ಲಗೆ ಒತ್ತುವಳು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಗುಣ ಹೋಗುತ್ತದೆ ಎನ್ನುತ್ತಿದ್ದಳು.

ಮಲ್ಲಸಮುದ್ರದಿಂದ ಬರುತ್ತಿದ್ದ ಒಬ್ಬ ಮುದುಕ ಮಲಗಿದಲ್ಲಿಂದಲೇ ಚಾಷ್ಟಿ ಮಾಡುತ್ತಿದ್ದ.

"ಮಂದೀನ ಒದಿಯಾಕ ನಿನಗ ಚೊಲೊ ನೆಪ ಸಿಕ್ಕೈತಿ ನೋಡಬೇ."

"ಸುಮ್ನ ಮಲಗಪಾ. ನಿನ್ನ ಹೇಂತಿ ತನ್ನ ಪಾಲಿಂದೂ ಸೇರ್ಸಿ ಒದಿ ಅಂತ ಹೇಳಿ ಕಳಿಸ್ಯಾಳ."

ಅವ್ವ ತೀರಿಕೊಂಡು ಒಂದು ವರ್ಷವಾಯಿತು. ಅದಕ್ಕೂ ಮುಂಚಿನ ಹದಿನಾಲ್ಕು ವರ್ಷ ಅವಳು ಆ ಕಾಲನ್ನು ಯಾರ ಮೈಗೂ ಮುಟ್ಟಿಸಲಿಲ್ಲ. ಅದಕ್ಕೆ ಕಾರಣ ನಾನು.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಸೀರೆ ನೇಯುತ್ತಿದ್ದ, ಅವ್ವ ಅವನಿಗೆ ಲಾಳಿಯ ಕಂಡಿಕಿಗೆ ನೂಲು ಸುತ್ತಿಕೊಡುತ್ತಿದ್ದಳು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ನಾನು ಐದನೇ ಇಯತ್ತೆಗೆ ಬಂದಾಗಿನಿಂದ ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ಲಗ್ನಪತ್ರಿಕೆ, ಕರೆಂಟು ಬಿಲ್ಲು, ಔಷಧದ ಚೀಟಿ. ಓಣಿಯವರೂ ತರುತ್ತಿದ್ದರು. "ನನ್ನ ಮಗಳು ಓದಿದ್ರ ಓದಿದ್ಹಂಗ" ಎಂದು ಅವ್ವ ಹೇಳುವಾಗ ಅವಳ ದನಿ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು.

ಬಾಸ್ಕೆಟ್‌ಬಾಲ್ ನನಗೆ ಸಿಕ್ಕಿದ್ದು ಗದಗಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ಅಂಕಣದ ಸಿಮೆಂಟು ಅಲ್ಲಲ್ಲಿ ಎದ್ದಿತ್ತು. ಒಂದು ಕಡೆಯ ರಿಂಗು ಸ್ವಲ್ಪ ಬಾಗಿತ್ತು. ನಾನು ಎತ್ತರವಿರಲಿಲ್ಲ, ಆದರೆ ಓಡುತ್ತಿದ್ದೆ. ಚೆಂಡನ್ನು ನೋಡದೆ ಪುಟಿಸಿಕೊಂಡು ಹೋಗುವುದು, ಓಡುತ್ತಿದ್ದವಳು ಥಟ್ಟನೆ ನಿಂತು ತಿರುಗುವುದು ನನ್ನ ಕಸುಬಾಯಿತು. ಎತ್ತರವಿದ್ದವಳು ನನ್ನ ಗೆಳತಿ, ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ಅವಳು ರಿಂಗಿನ ಕೆಳಗೆ ನಿಂತಿದ್ದರೆ ನಾನು ಕಣ್ಣುಮುಚ್ಚಿಯೂ ಚೆಂಡು ಎಸೆಯಬಲ್ಲೆ ಎಂಬ ಧೈರ್ಯ ನನಗಿತ್ತು.

ಅವ್ವ ಒಮ್ಮೆ ಮಾತ್ರ ಆಟ ನೋಡಲು ಬಂದಿದ್ದಳು. ಬೇವಿನ ಗಿಡದ ಕೆಳಗೆ ಸೆರಗು ಹೊದ್ದು ಕೂತು ಪೂರ್ತಿ ನೋಡಿದಳು. ಮನೆಗೆ ಮರಳುವಾಗ ಬಸ್ಸಿನಲ್ಲಿ ಕೇಳಿದಳು:

"ಅಲ್ಲಬೇ, ತಳಾ ಇಲ್ಲದ ಬುಟ್ಟಿಯೊಳಗ ಹಾಕಿ ಹಾಕಿ ಏನ ತುಂಬಸ್ತೀರಿ?"

ನಾನು ನಕ್ಕೆ. ಅವಳು ನಗಲಿಲ್ಲ. "ಖರೇನ ಚೊಲೊ ಓಡ್ತಿ" ಎಂದಳು. ನಮ್ಮ ಮನೆಯಲ್ಲಿ ಅಷ್ಟು ಹೇಳಿದರೆ ಬಹಳ ಹೇಳಿದಂತೆ.

ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ನಮ್ಮಿಬ್ಬರ ಹೆಸರು ಹೋಯಿತು. ಆ ತಂಡದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ಬಿ.ಪಿ.ಇಡಿ. ಸೇರುವುದು ಸುಲಭ. ಅದು ಮುಗಿದರೆ ನಾನು ಆಟದ ಮೇಡಂ ಆಗಬಹುದು, ಕೊರಳಲ್ಲಿ ಸೀಟಿ ಹಾಕಿಕೊಂಡು ಜೀವನಪೂರ್ತಿ ಅಂಕಣದಲ್ಲೇ ಇರಬಹುದು. ನನಗೆ ಬೇಕಾಗಿದ್ದದ್ದು ಅದೊಂದೇ.

ಆಯ್ಕೆಗೆ ಹದಿನೈದು ದಿನ ಇರುವಾಗ, ಅಭ್ಯಾಸದಲ್ಲಿ ರಿಂಗಿಗೆ ಹಾರಿ ಇಳಿದೆ. ಬಲಗಾಲು ಸಿಮೆಂಟು ಎದ್ದ ಕಡೆ ಬಿತ್ತು. ಮೊಣಕಾಲು ಒಳಗಡೆಗೆ ವಾಲಿತು. ಒಣಗಿದ ಜೋಳದ ದಂಟು ಮುರಿದಂತೆ ಒಂದು ಸಪ್ಪಳ. ಗೆಳತಿಗೂ ಅದು ಕೇಳಿಸಿತಂತೆ.

ಅವಳೇ ನನ್ನನ್ನು ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಾಲನ್ನು ಮಡಚಿ, ಮೊಣಕಾಲಿನ ಕೆಳಗೆ ಹಿಡಿದು ಮುಂದಕ್ಕೆ ಎಳೆದರು. ಅದು ಬರಬಾರದಷ್ಟು ಮುಂದಕ್ಕೆ ಬಂತು. ಒಳಗಿನ ಲಿಗಮೆಂಟ್ ಹರಿದಿರಬೇಕು, ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾಗಬಹುದು, ಅಲ್ಲಿಯವರೆಗೆ ಓಡುವುದು, ಹಾರುವುದು ಬೇಡವೇ ಬೇಡ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು. ಬಾಯಲ್ಲೂ ಹೇಳಿದರು. ತಿಳಿಯಲಿಲ್ಲ ಎನ್ನುವ ಹಾಗೆ ಇರಲಿಲ್ಲ.

ಹೊರಗೆ ಬಂದು ಗೆಳತಿ ಕೇಳಿದಳು, "ಮನ್ಯಾಗ ಏನ ಹೇಳ್ತಿ?"

"ಉಳಕ ಅಂತೀನಿ."

"ಹುಚ್ಚಿ ಆಗೀಯೇನಲೇ? ನಿಮ್ಮವ್ವ ಕಾಗದ ಕೇಳ್ತಾರ."

"ಓದಾಕಿ ನಾನ ಅಲ್ಲೇನ?"



ಅವ್ವ ಹೊಸ್ತಿಲಲ್ಲೇ ಇದ್ದಳು. ನನ್ನ ಕೈಯಲ್ಲಿದ್ದ ಚೀಟಿ ನೋಡಿ "ಏನ ಬರದಾರ?" ಎಂದಳು. ನಾನು ಚೀಟಿ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು ಓದುವವಳ ಹಾಗೆ ಹೇಳಿದೆ: "ಬರೇ ಉಳಕ. ಎಂಟ ದಿನದಾಗ ಆರಾಮ ಆಗತೈತಿ."

ಅವ್ವನ ಮುಖ ಅರಳಿತು. "ಉಳಕಾದ್ರ ದವಾಖಾನಿಗ್ಯಾಕ ಹೋಗಿದ್ದಿ? ಮನ್ಯಾಗ ನಾ ಇಲ್ಲೇನ?" ಎಂದು ಬೈದಳು. ಬೈಗುಳದೊಳಗೆ ಹಿಗ್ಗಿತ್ತು. ಓದಿದ ಮಗಳು ಕೊನೆಗೂ ತನ್ನ ಕೈಯಳತೆಗೆ ಸಿಕ್ಕಳು ಎಂಬ ಹಿಗ್ಗು.

ಮರುದಿನ ಬೆಳಿಗ್ಗೆ ಚಾಪೆ ಹಾಸಿದಳು. ಬೇರೆಯವರಿಗೆ ಮೂರು ಸಲ ಒತ್ತಿದರೆ ನನಗೆ ಮೂರು ದಿನ, ದಿನಕ್ಕೆ ಮೂರು ಸಲ. ಹಿಮ್ಮಡಿ ಒರಟಾಗಿತ್ತು, ಬೆಚ್ಚಗಿತ್ತು. ಭಾರ ಬಿಡದೆ, ಹಸುಗೂಸನ್ನು ಮುಟ್ಟಿದಂತೆ ಮುಟ್ಟುತ್ತಿದ್ದಳು. ಬಾವು ಇಳಿಯಿತು. ಅದು ತಾನಾಗಿಯೇ ಇಳಿಯುವ ಬಾವು ಎಂದು ನನಗೆ ಮುಂದೆ ತಿಳಿಯಿತು. ಹತ್ತನೇ ದಿನ ಓಣಿಯ ಕೊನೆಯವರೆಗೆ ನಡೆದು ಬಂದೆ. ಅವ್ವ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದವಳು ಪಕ್ಕದ ಮನೆಯವರಿಗೆ ಕೇಳುವಂತೆ "ನಡದ್ಲು ನೋಡ್ರಿ" ಎಂದಳು.

ಆಯ್ಕೆಯ ದಿನ ಧಾರವಾಡದಲ್ಲಿ ನಾನು ಆರು ನಿಮಿಷ ಆಡಿದೆ. ಆ ಆರು ನಿಮಿಷ ಚೆನ್ನಾಗಿಯೇ ಆಡಿದೆ, ಅದು ಇವತ್ತಿಗೂ ನನ್ನ ಹೆಮ್ಮೆ. ಏಳನೆಯದರಲ್ಲಿ ಓಡಿ ಬಂದು ಥಟ್ಟನೆ ನಿಂತು ತಿರುಗಿದೆ. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಬಿದ್ದಲ್ಲಿಂದ ಏಳಲಾಗಲಿಲ್ಲ. ಗೆಳತಿ ಆಯ್ಕೆಯಾದಳು. ನನ್ನನ್ನು ನಾಲ್ವರು ಎತ್ತಿ ಜೀಪಿಗೆ ಹಾಕಿದರು.

ಆಪರೇಷನ್ ಆಯಿತು, ಆದರೆ ಕಾಲು ಮೊದಲಿನಂತಾಗಲಿಲ್ಲ. ಮೊದಲು ಹರಿದದ್ದು ಒಂದು, ಆಮೇಲೆ ಆಡಿ ಕೆಡಿಸಿಕೊಂಡದ್ದು ಇನ್ನೊಂದು ಎಂದು ಡಾಕ್ಟರು ನನಗೆ ಹೇಳಿದರು. ನಾನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರೊಳಗೆ ಓಣಿಯೇ ತನಗೆ ತೋಚಿದ್ದನ್ನು ಹೇಳಿಬಿಟ್ಟಿತು. "ತಾಯಿ ಕಾಲಿಟ್ಟು ಮಗಳ ಕಾಲ ಕೆಡಿಸಿದ್ಲು."

ನಾನು ಮಲಗಿದ್ದ ಕೋಣೆಯಿಂದಲೇ ಕೇಳಿಸಿಕೊಂಡೆ. ಮಲ್ಲಸಮುದ್ರದ ಮುದುಕ ಬಂದಿದ್ದ. ಅವ್ವ ಎದ್ದು ಬರಲಿಲ್ಲ. ರಾಟೆಯ ಮುಂದಿನಿಂದಲೇ, "ಹೋಗಪಾ, ಮುಗೀತು. ನನ್ನ ಕಾಲಿನ ಗುಣಾ ಹೋಗೇತಿ" ಎಂದಳು. ಅವನು ಚಾಷ್ಟಿ ಮಾಡಲಿಲ್ಲ. ಸೊಂಟ ಹಿಡಿದುಕೊಂಡೇ ವಾಪಸು ಹೋದ. ಆಗ ನಾನು ಎದ್ದು ಕೂತು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಓದಿದವಳೆಂಬ ನನ್ನ ಮಾನ ಹೋಗುತ್ತಿತ್ತು. ಅವ್ವ ನನ್ನ ಬಗ್ಗೆ ಎತ್ತಿದ ದನಿಯಲ್ಲಿ ಆಡುತ್ತಿದ್ದ ಆ ಮಾತು ಹೋಗುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಬಿ.ಪಿ.ಇಡಿ.ಗೆ ಓಡಿ ತೋರಿಸಬೇಕು. ಅದು ಮುಗಿದ ಮಾತಾಗಿತ್ತು. ಬಿ.ಇಡಿ. ಮಾಡಿದೆ. ಮೊದಲು ಮುಂಡರಗಿಯಲ್ಲಿ, ಆಮೇಲೆ ಶಿರಹಟ್ಟಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಸಮಾಜವಿಜ್ಞಾನ ಕಲಿಸಿದೆ, ಇನ್ನೂ ಕಲಿಸುತ್ತಿದ್ದೇನೆ. ಮೊಣಕಾಲು ಪೂರ್ತಿ ಮಡಚುವುದಿಲ್ಲ. ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ನನಗೊಂದು ಕುರ್ಚಿ ಹಾಕುತ್ತಾರೆ. ಹಾಕಿದಾಗಲೆಲ್ಲ ಅವ್ವ ಬೇರೆ ಕಡೆ ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಶಿರಹಟ್ಟಿಗೆ ಬಂದು ನನ್ನ ಜೊತೆ ಇದ್ದಳು. ಮೆಟ್ಟಿಲು ಹತ್ತುವಾಗ ನಾನು ಬಲಗಾಲು ಎಳೆಯುವ ಸಪ್ಪಳ ಕೇಳಿದರೆ ಅವಳ ಕೈಕೆಲಸ ನಿಲ್ಲುತ್ತಿತ್ತು. ದಿನಕ್ಕೆ ಎಷ್ಟು ಸಲ ನಿಂತಿತೋ.

ಗೆಳತಿ ಈಗ ಲಕ್ಷ್ಮೇಶ್ವರದಲ್ಲಿ ಅವರ ಅಂಗಡಿ ನೋಡಿಕೊಳ್ಳುತ್ತಾಳೆ. ಎತ್ತರದ ಕಪಾಟಿನಿಂದ ಬಟ್ಟೆಯ ಥಾನು ತೆಗೆಯಲು ಅವಳಿಗೆ ಏಣಿ ಬೇಕಿಲ್ಲ. ಹೋದಾಗೊಮ್ಮೆ ಕೇಳುತ್ತಿದ್ದಳು.

"ಹೇಳಿದ್ಯಾ?"

"ಇಲ್ಲ."

"ನೀ ಚೆಂಡ ಹಿಡಕೊಂಡ್ರ ಬಿಡತಿರಲಿಲ್ಲ. ಅದ ಚಾಳಿ ಇದಕ್ಕೂ ಹಚ್ಚೀಯಲ್ಲ. ಪಾಸ್ ಮಾಡಲೇ, ಆ ಮುದುಕಿ ಕೈಯಾಗ ಇನ್ನೂ ಕೆಲವು ದಿನ ಅದಾವು."

ಕೊನೆಗೆ ಹೇಳಿದೆ. ಒಂದು ರವಿವಾರ ಮಧ್ಯಾಹ್ನ ಅವ್ವ ಅಕ್ಕಿ ಆರಿಸುತ್ತಿದ್ದಳು. ಅಂಕಪಟ್ಟಿಗಳ ಫೈಲಿನೊಳಗೆ ಆ ಚೀಟಿ ಇತ್ತು. ಎಸೆಯುವ ಧೈರ್ಯ ನನಗೆ ಯಾವತ್ತೂ ಬಂದಿರಲಿಲ್ಲ. ಅವಳ ಎದುರು ಕುರ್ಚಿ ಹಾಕಿ ಕೂತು, ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಹರಿದಿದೆ. ಓಡಬಾರದು. ಹಾರಬಾರದು. "ನಿನ್ನ ಕಾಲಿಂದ ಆಗಿದ್ದಲ್ಲ ಯವ್ವಾ. ನಾ ಸುಳ್ಳ ಓದಿದ್ದೆ."

ಅವ್ವ ಮೊರವನ್ನು ಬದಿಗಿಟ್ಟಳು. ಚೀಟಿ ತೆಗೆದುಕೊಂಡು, ಅದರ ಮೇಲೆ ಕೈಯಾಡಿಸಿ, ತಿರುಗಿಸಿ ನೋಡಿ, ಮಡಚಿದ ಗೆರೆಯ ಮೇಲೆಯೇ ಮತ್ತೆ ಮಡಚಿ ಕೊಟ್ಟಳು.

"ಇಷ್ಟ ವರ್ಷ ಆದಮ್ಯಾಲ ನನ್ನ ಸಮಾಧಾನಕ್ಕ ಹೇಳಾಕ ಹತ್ತೀ. ಇರ್ಲಿ ಬಿಡು."

"ಇಲ್ಲಬೇ, ಖರೇನ ಹಂಗ ಬರದೈತಿ."

"ನನಗೇನ ಗೊತ್ತಾಗತೈತಿ? ಅಂದೂ ಬರದೈತಿ ಅಂದಿ, ಇಂದೂ ಬರದೈತಿ ಅಂತಿ."

ಮತ್ತೆ ಅಕ್ಕಿ ಆರಿಸಲು ಶುರುಮಾಡಿದಳು. ನನ್ನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ. ಅವಳಿಗೆ ಅಕ್ಷರ ಬರುತ್ತಿದ್ದರೆ ಚೀಟಿಯೇ ಸಾಕ್ಷಿಯಾಗುತ್ತಿತ್ತು.

ಅದಾದ ಕೆಲವು ವಾರಕ್ಕೆ ಪಕ್ಕದ ಮನೆಯ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದವಳು, ನೀರಿನ ಕೊಡ ಹೊತ್ತು ಜಾರಿ ಬಿದ್ದು ಪಾದ ತಿರುಚಿಕೊಂಡಳು. ಅವಳಿಗೆ ನಾನೇ ಹೇಳಿದೆ, ನಮ್ಮವ್ವ ಉಳುಕು ತೆಗೆಯುತ್ತಾಳೆ, ಕೇಳಿ ನೋಡು ಎಂದು. ಅವ್ವ ಒಮ್ಮೆ ಕಾಲು ಚಾಚಿದರೆ ಸಾಕು ಎಂಬ ಆಸೆ ನನಗೆ. ಆ ಹುಡುಗಿಯ ಪಾದದ ಯೋಚನೆ ನಾನು ಮಾಡಲೇ ಇಲ್ಲ. ಇದನ್ನೂ ಬರೆದುಬಿಡುತ್ತೇನೆ.

ಅವಳು ಕುಂಟುತ್ತ ಬಂದಳು. "ಅಮ್ಮಾರ, ನಿಮ್ಮ ಕಾಲಿಗೆ ಗುಣ ಐತಂತ. ಒಮ್ಮಿ ಇಡ್ರಿ."

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ಅವಳಿಗೆ ಹೇಳಿದಳು, "ಅದೇನಿಲ್ಲವಾ. ದವಾಖಾನಿಗೆ ಹೋಗು. ಬರುವಾಗ ಕಾಗದ ತಗೊಂಡ ಬಾ."

ಸಂಜೆ ಅವಳನ್ನು ಅವಳ ಅತ್ತೆ ಕೈಹಿಡಿದು ಕರೆತಂದಳು. ಪಾದಕ್ಕೆ ಪಟ್ಟಿ ಕಟ್ಟಿದ್ದರು. ಚೀಟಿಯನ್ನು ನನಗೆ ಕೊಟ್ಟರು. ನಾನು ಬಿಡಿಸಿದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಚೀಟಿಯನ್ನು ನೋಡಲಿಲ್ಲ, ನನ್ನ ಬಾಯನ್ನು ನೋಡುತ್ತಿದ್ದಳು.

"ಓದು," ಎಂದಳು. "ಇದ್ದದ್ದು ಇದ್ದಂಗ ಓದು."

 ನಾನು ಅಂದು ಸುಳ್ಳು ಓದಿದ್ದೆ ಎಂಬುದನ್ನು ಅವಳು ನಂಬಿದ್ದಳು. ಆ ರವಿವಾರವೇ ನಂಬಿದ್ದಳು. ಅದನ್ನು ನನ್ನೆದುರು ಒಪ್ಪಿಕೊಳ್ಳಲು ಅವಳಿಗೆ ಆಗಿರಲಿಲ್ಲ, ಅಷ್ಟೇ.

ನಾನು ಬೆರಳಿಟ್ಟು ಓದಿದೆ. ಎಲುಬು ಸೀಳಿದೆ. ಆರು ವಾರ ಕಾಲು ಊರಬಾರದು. ಒಂದು ಶಬ್ದವನ್ನೂ ಬಿಡಲಿಲ್ಲ. ಹುಡುಗಿ ಅಳಲು ಶುರುಮಾಡಿದಳು, ಅತ್ತೆ ಸಮಾಧಾನ ಮಾಡಿದಳು.

ಅವರು ಹೋದ ಮೇಲೆ ಅವ್ವ ಎಡಗಾಲನ್ನು ಮುಂದಕ್ಕೆ ಚಾಚಿ, ಹಿಮ್ಮಡಿಯನ್ನು ತಾನೇ ಒಮ್ಮೆ ಸವರಿಕೊಂಡಳು. ಆ ಕಾಲು ಮುಟ್ಟಲು ನಾನು ಎದ್ದು ಹತ್ತಿರ ಹೋದೆ. ಅಷ್ಟರಲ್ಲಿ ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡು, "ದೀಪಾ ಹಚ್ಚು, ಹೊತ್ತಾತು" ಎಂದಳು.