ಕಲ್ಲಿನ ಬೆಲೆಗೆ ಕೊಂಡ ಗ್ರೈಂಡರ್

ಮೊನ್ನೆ ಒಂಬತ್ತು ಸಾವಿರ ಕೊಟ್ಟು ಹಳೆಯ ಗ್ರೈಂಡರ್ ಒಂದನ್ನು ಅಂಗಡಿಗೆ ತಂದೆ. ಮುಚ್ಚಿಹೋದ ಹೋಟೆಲಿನ ಮಾಲು, ಹನ್ನೊಂದು ಹೇಳಿದ್ದರು. ಸವೆದ ಬೆಲ್ಟ್ ತೋರಿಸಿ ಎರಡು ಇಳಿಸಿದೆ. ಇನ್ನೂ ಐನೂರು ಇಳಿಯುತ್ತಿತ್ತು. ಅಷ್ಟರಲ್ಲಿ ಮುಚ್ಚಳ ತೆಗೆದೆ. ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಉದ್ದಿನ ಹಿಟ್ಟಿನ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಮುಂದೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ನಮ್ಮ ಉದಯಗಿರಿಯ ಬೀದಿಯಲ್ಲಿ ಒಬ್ಬರಿದ್ದರು. ಎಲ್ಲರೂ ಹಿಟ್ಟಿನಮ್ಮ ಅನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಗ್ರೈಂಡರ್ ಇಟ್ಟುಕೊಂಡು ಇಡ್ಲಿ, ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದರು. ಬೆಳಗ್ಗೆ ಅವರ ಬಾಗಿಲಲ್ಲಿ ಪಾತ್ರೆಗಳ ಸಾಲು. ಯಾವುದು ಯಾರ ಮನೆಯದೆಂದು ಒಮ್ಮೆಯೂ ತಪ್ಪುತ್ತಿರಲಿಲ್ಲ... ತಳ್ಳುಗಾಡಿಯಿಂದ ಮೇಲೆ ಬಂದ ನಾನು ಆಗಷ್ಟೇ ಹಳೇ ಸಾಮಾನಿನ ಅಂಗಡಿ ತೆರೆದಿದ್ದೆ. ನನ್ನನ್ನು ಕಂಡರೆ ಸಾಲಿನ ಹೆಂಗಸರಿಗೆಲ್ಲ ಕೇಳುವಂತೆ, "ಬಂದ ಕಣ್ರಮ್ಮ, ಇನ್ನು ಒಂದು ಸೌಟು ಹಿಟ್ಟಿಗೂ ಚೌಕಾಸಿ ಶುರು!" ಅನ್ನುತ್ತಿದ್ದರು.

ಒಂದು ವರ್ಷ ಮಳೆ ನಿಲ್ಲಲೇ ಇಲ್ಲ. ಮೇಲಿನ ಕೆರೆ ಕೋಡಿ ಹರಿದು ತಗ್ಗಿನ ಮನೆಗಳಿಗೆಲ್ಲ ಮೊಣಕಾಲುದ್ದ ನೀರು ನುಗ್ಗಿತು. ನೀರು ಇಳಿದ ದಿನವೇ ಹಿಟ್ಟಿನಮ್ಮ ಗ್ರೈಂಡರನ್ನು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಸ್ವಿಚ್ ಹಾಕಿದರು. ಒಳಗೆ ನೀರಿತ್ತು. ಒಂದು ಸುತ್ತು ತಿರುಗಿ ಮೋಟಾರು ಸುಟ್ಟಿತು.

ಹಾನಿ ಬರೆದುಕೊಳ್ಳಲು ಬಂದವರು ಗೋಡೆ ಬಿದ್ದಿದೆಯೇ ಎಂದು ಕೇಳಿದರು. ಬಿದ್ದಿರಲಿಲ್ಲ. ಗ್ರೈಂಡರಿಗೆ ಅವರ ಕಾಗದದಲ್ಲಿ ಜಾಗವಿರಲಿಲ್ಲ. "ಗೋಡೆ ಗಟ್ಟಿಯಾಗಿ ಕಟ್ಸಿದ್ದೇ ತಪ್ಪಾಯ್ತು ನೋಡಪ್ಪ" ಎಂದು ಹಿಟ್ಟಿನಮ್ಮ ನಕ್ಕರು.

ನೆರೆ ಬಂದ ಮೇಲೆ ಪತ್ರಿಕೆಯಲ್ಲಿ ಸೇತುವೆ, ರಸ್ತೆ, ಬೆಳೆ ಎಂದು ಕೋಟಿಗಳ ಮಾತು ಬರುತ್ತದೆ. ನಮ್ಮಂಥ ದೇಶದಲ್ಲಿ ಅಡುಗೆಮನೆಯ ಮೂಲೆಯಲ್ಲೇ ನಡೆಯುವ ಕಾರ್ಖಾನೆಗಳೆಷ್ಟೋ. ಅವಕ್ಕೆ ಬೋರ್ಡಿಲ್ಲ, ವಿಮೆಯಿಲ್ಲ. ಅವು ನಿಂತುಹೋದದ್ದು ಮೊದಲು ತಿಳಿಯುವುದು ನನ್ನಂಥ ವ್ಯಾಪಾರಿಗೆ. ಅಂಥ ವಾರದಲ್ಲಿ ಬೀದಿಗೆ ಬೀದಿಯೇ ಮಾರಲು ನಿಂತಿರುತ್ತದೆ, ಕೊಳ್ಳುವವರು ನಾವು ನಾಲ್ಕು ಜನ. ಬೆಲೆ ನಾವು ಹೇಳಿದ್ದೇ.

ಅಕ್ಕಿಗೆ, ಔಷಧಿಗೆ ಹಿಟ್ಟಿನಮ್ಮನಿಗೆ ದುಡ್ಡು ಬೇಕಾಗಿತ್ತು. ನನ್ನನ್ನು ಕರೆಸಿದರು. "ಇದು ಸತ್ತೋಯ್ತಲ್ವೇನಪ್ಪ?" ಎಂದು ಕೇಳಿದರು. ಸುಟ್ಟ ತಂತಿ ತೆಗೆಸಿ ಹೊಸದಾಗಿ ವೈಂಡಿಂಗ್ ಮಾಡಿಸಿದರೆ ಮೋಟಾರು ಮೊದಲಿನಂತೆಯೇ ಓಡುತ್ತದೆ ಎಂದು ನನಗೆ ಗೊತ್ತಿತ್ತು.

"ಮೋಟಾರು ಗುಜರಿಗೆ ಕಣಮ್ಮ. ಕಲ್ಲಿಗೆ ಬೇಕಾದ್ರೆ ಏನಾದ್ರೂ ಕೊಡ್ತೀನಿ" ಅಂದೆ.

"ಕಲ್ಲು ಗಟ್ಟಿ ಅದೆ ಕಣಪ್ಪ, ಇನ್ನೊಂದು ನೂರು ಹಾಕು" ಅಂದರು. ಹಾಕಲಿಲ್ಲ. ಸಾವಿರದ ಇನ್ನೂರಕ್ಕೆ ಹೊತ್ತು ತಂದು, ವೈಂಡಿಂಗ್ ಮಾಡಿಸಿ, ವಾರದೊಳಗೆ ಹಿನಕಲ್ಲಿನ ಹೋಟೆಲೊಂದಕ್ಕೆ ಆರು ಸಾವಿರಕ್ಕೆ ಕೊಟ್ಟೆ. ಆ ದಿನ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ತಿಂಗಳ ಮೇಲೆ ಹಿಟ್ಟಿನಮ್ಮ ಅಂಗಡಿಗೆ ಬಂದರು. ಕಿವಿಯಲ್ಲಿ ಓಲೆ ಇರಲಿಲ್ಲ. ಸೆರಗಿನ ಗಂಟು ಬಿಚ್ಚುತ್ತಾ, "ಮೋಟಾರು ರಿಪೇರಿ ಆಯ್ತದಂತೆ, ಯಾರೋ ಏಳಿದ್ರು. ನಿಂಗೂ ಗೊತ್ತಿರ್ನಿಲ್ಲ ಅಲ್ವಾ? ಕಲ್ಲು ಇನ್ನೂ ಅದಾ?" ಅಂದರು.

"ಮಾರ್ಬುಟ್ಟೆ ಕಣಮ್ಮ. ಬೇರೆ ಒಂದಿದೆ, ಅಸಲಿಗೇ ಕೊಡ್ತೀನಿ, ತಗೊಂಡೋಗಿ." ಕೇಳಿದ್ದರಲ್ಲಿ ಒಂದಕ್ಕೆ ಮಾತ್ರ ಉತ್ತರ ಕೊಟ್ಟಿದ್ದೆ.

"ಬೇಡ ಬುಡಪ್ಪ. ಗಿರಾಕಿಗಳು ಪ್ಯಾಕೆಟ್ ಹಿಟ್ಟಿಗೆ ಹೋಗ್ಬುಟ್ರು. ನನ್ನ ಕಲ್ಲಾಗಿದ್ರೆ ಹಟ ಮಾಡಿ ನೋಡ್ತಿದ್ದೆ..."

ಆಮೇಲೆ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆಯಲು ಸೇರಿಕೊಂಡರು. ದಾರಿಯಲ್ಲಿ ಸಿಕ್ಕರೆ "ವ್ಯಾಪಾರ ಎಂಗಪ್ಪ?" ಎಂದು ನಗುತ್ತಲೇ ಕೇಳುತ್ತಿದ್ದರು. ಒಂದು ದಿನ ನಿಲ್ಲಿಸಿ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ... ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಇನ್ನು ಯಾರಿಗೆ ಹೇಳಲಿ?

ನಿಮಗೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ನೀರು ಹೊಕ್ಕ ಮೋಟಾರಿಗೆ ಎಷ್ಟೇ ಅವಸರವಿದ್ದರೂ ಕರೆಂಟು ಕೊಡಬೇಡಿ; ಬಿಚ್ಚಿಸಿ, ಒಣಗಿಸಿ, ಕೆಲಸ ಬಲ್ಲವನಿಗೆ ತೋರಿಸಿ. ದುಡ್ಡು ಬೇಕೇ ಬೇಕೆಂದರೆ ಟಿವಿ ಹೋಗಲಿ, ಮಂಚ ಹೋಗಲಿ, ದುಡಿದು ಹಾಕುವ ಸಾಮಾನನ್ನು ಕೊನೆಗೆ ಮುಟ್ಟಿ. ಅದನ್ನೂ ಮಾರುವ ಗತಿ ಬಂದರೆ, ಅದರ ಕಾಯಿಲೆ ಏನೆಂದು ಕೊಳ್ಳಲು ಬಂದವನನ್ನು ಕೇಳಬೇಡಿ. ಇನ್ನು ನನ್ನ ಹಾಗೆ ಕೊಳ್ಳುವವರಿಗೂ ಒಂದು ಮಾತು: ಚೌಕಾಸಿ ಮಾಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ರಿಪೇರಿಯಾಗುತ್ತದೆಯೋ ಇಲ್ಲವೋ ಅನ್ನುವ ನಿಜವನ್ನು ಮೊದಲು ಹೇಳಿ. ಆಮೇಲೆ ಬೆಲೆ ಮಾತಾಡಿ.