ಬಗ್ಗದ ಕಂಬಿ

ಢಮಾರ್ ಅಂದಿತು. ನಗಬೇಡಿ, ಚೆನ್ನೈನ ಕಂಬಿ ಪರೀಕ್ಷಾಲಯಕ್ಕೆ ಸೇರಿದ ಮೊದಲ ದಿನವೇ ನಾನು ಮೇಜಿನ ಕೆಳಗೆ ಕೂತಿದ್ದೆ. ಯಂತ್ರ ಎರಡೂ ತುದಿ ಹಿಡಿದು ಎಳೆಯುತ್ತಿದ್ದ ಗಾಜಿನ ನಾರಿನ ಕಂಬಿ ಒಂದೇ ಏಟಿಗೆ ಪೊರಕೆಯಂತೆ ಸಿಡಿದಿತ್ತು. ಜೊತೆಗೆ ಕೆಲಸ ಮಾಡುವ ಸೆಲ್ವಿ ನಕ್ಕು, "ಬಯಪ್ಪಡಾದೆ" ಅಂದಳು. ಹೆದರಬೇಡ ಎಂದರ್ಥ. ಅವಳಿಗೇನು, ತಂತಿಬಲೆಯ ಆಚೆ ನಿಂತಿದ್ದಳು!

ನಾನು ಹಗರಿಬೊಮ್ಮನಹಳ್ಳಿಯವಳು. ಅಣ್ಣ ಕೊಟ್ರೇಶ ಅಲ್ಲಿ ಇಪ್ಪತ್ತು ವರ್ಷದಿಂದ ಕಟ್ಟಡಗಳಿಗೆ ಕಂಬಿ ಕಟ್ಟುತ್ತಾನೆ. ಆ ದುಡಿಮೆಯಲ್ಲೇ ನನಗೆ ಡಿಪ್ಲೊಮಾ ಓದಿಸಿದ. ಅವನ ಉಕ್ಕಿನ ಕಂಬಿಗೆ ಒಂದು ಮರ್ಯಾದೆ ಇದೆ. ಎಳೆದರೆ ಉದ್ದವಾಗುತ್ತದೆ, ನಡು ಸಣ್ಣಗಾಗುತ್ತದೆ, ಮುರಿಯುವ ಮುಂಚೆ ಸುಳಿವು ಕೊಡುತ್ತದೆ. ಇಲ್ಲಿಯದು ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ. ಆದರೆ ಹೋಗುವಾಗ ಹೇಳದೆ ಹೋಗುತ್ತದೆ.

ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಜೋಳದ ಹಿಟ್ಟಿಗೆ 'ಚೋಳಂ ಮಾವು' ಅನ್ನಬೇಕೆಂದು ಕಲಿಯುವಷ್ಟರಲ್ಲಿ ಮೂರು ಅಂಗಡಿ ಸುತ್ತಿದ್ದೆ. ಗೆದ್ದೆನೆಂದು ರೊಟ್ಟಿ ಬಡಿದರೆ, ಸದ್ದು ತಾಳದೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ನಮ್ಮೂರಲ್ಲಾಗಿದ್ದರೆ ಪಲ್ಯ ಹಿಡಿದು ಬರುತ್ತಿದ್ದರು. ಅವತ್ತು ಅಣ್ಣನಿಗೆ ಫೋನ್ ಮಾಡಿ ಅತ್ತೆ. "ಹೊರಗ ಕುಂತು ಗಾಳಿ ತಗೊಳ್ಳಾಕೂ ಜಾಗ ಇಲ್ಲಣ್ಣ" ಅಂದೆ. ಆಮೇಲೆ ಅತ್ತದ್ದಕ್ಕೆ ನಾಚಿಕೆಯಾಗಿ, ಇಲ್ಲಿಯ ಗಾಜಿನ ಕಂಬಿಯನ್ನು ಹೊಗಳತೊಡಗಿದೆ. "ನಮ್ಮ ಸವಳು ನೀರಿಗೂ ತುಕ್ಕು ಹಿಡಿಯಂಗಿಲ್ಲ ನೋಡು!" ಅದನ್ನು ಬಗ್ಗಿಸಬಾರದು ಎಂಬ ಒಂದು ಮಾತನ್ನು ಮಾತ್ರ ಹೇಳಲಿಲ್ಲ.

ಎರಡು ತಿಂಗಳಿಗೆ ಅಣ್ಣನಿಂದ ಫೋಟೊ ಬಂತು, ಹಿಂದೆಯೇ ಅವನ ಫೋನ್. ನಮ್ಮ ಮನೆಯ ಮಹಡಿಗೆ ಹೊಸ ಬಾಲ್ಕನಿ.

"ನಿನ್ನ ಕಂಬೀನ ತರಿಸಿ ಹಾಕೀನವ್ವಾ. ಬಗ್ಗಿಸಿದ್ರ ಮತ್ತ ನೆಟ್ಟಗ ಆಗತಿತ್ತು, ಸೊಕ್ಕಿನ ಕಂಬಿ! ಬೆಂಕಿಗೆ ಹಿಡಿದು ಬಗ್ಗಿಸೀನಿ."

ಬೆಂಕಿಗೆ ಹಿಡಿದರೆ ನಾರುಗಳನ್ನು ಹಿಡಿದಿಟ್ಟ ಅಂಟೇ ಸುಟ್ಟುಹೋಗುತ್ತದೆ. ಆ ಬಾಲ್ಕನಿಯ ಕೆಳಗೇ ಅವನ ಮಕ್ಕಳು ಆಡುವುದು.

"ಒಡೆದು ಹಾಕಣ್ಣ. ಯಾರೂ ಅದರ ಮ್ಯಾಲ ನಿಲ್ಲಬ್ಯಾಡ್ರಿ, ಕೆಳಗೂ ನಿಲ್ಲಬ್ಯಾಡ್ರಿ."

"ಇಪ್ಪತ್ತು ವರ್ಷ ಕಂಬಿ ಬಗ್ಗಿಸಿದವಗ ನೀ ಕಲಿಸ್ತೀಯೇನು?" ಫೋನ್ ಇಟ್ಟುಬಿಟ್ಟ.

ಅತ್ತಿಗೆ ಅವನಿಗೆ ಗೊತ್ತಾಗದಂತೆ, ಬಗ್ಗಿಸಿ ಉಳಿದಿದ್ದ ಒಂದು ತುಂಡನ್ನು ಬಸ್ಸಿಗೆ ಹಾಕಿ ಕಳಿಸಿದರು. ಯಂತ್ರಕ್ಕೆ ಕೊಟ್ಟೆ. ನೆಟ್ಟನೆಯ ಕಂಬಿ ತಡೆಯುವುದರಲ್ಲಿ ಅರ್ಧವನ್ನೂ ತಡೆಯದೆ, ಬಗ್ಗಿದ ಕಡೆಯೇ ಮುರಿಯಿತು. ಈ ಸಲ ಸದ್ದಿಗೆ ಬೆಚ್ಚಲಿಲ್ಲ, ಅಳು ಬಂತು. ವಿಡಿಯೊ ಮಾಡಿ ಅಣ್ಣನಿಗೆ ಕಳಿಸಿದೆ.

ಒಂಬತ್ತನೆಯ ದಿನ ತಾನೇ ಫೋನ್ ಮಾಡಿದ.

"ಒಡೆದೆ ಬಿಡವ್ವಾ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಅದರ ಬಾಗಲಕ್ಕೂ ಇಟ್ಟಿಗಿ ಕಟ್ಟಿ ಮುಚ್ಚೀನಿ." ಫೋನ್ ಇಡುವ ಮುಂಚೆ ಅಂದ, "ನೀ ಸೂಟಿಗೆ ಊರಿಗೆ ಬಂದಾಗ ಗಾಳಿಗೆ ಕುಂದ್ರಲಿ ಅಂತ ಹಾಕಿದ್ದೆ."

ದೀಪಾವಳಿಗೆ ಊರಿಗೆ ಹೋಗಿದ್ದೆ. ಮಹಡಿಯ ಗೋಡೆಯಲ್ಲಿ ಬಾಗಿಲಿನಷ್ಟು ಅಗಲಕ್ಕೆ ಹೊಸ ಇಟ್ಟಿಗೆ, ಇನ್ನೂ ಗಿಲಾವು ಆಗಿಲ್ಲ. ನಾನಿದ್ದ ನಾಲ್ಕು ದಿನವೂ ಅಣ್ಣ ಅತ್ತ ತಲೆ ಎತ್ತಲಿಲ್ಲ. ಚೆನ್ನೈಗೆ ಮರಳಿ ಕಿಟಕಿ ತೆರೆದರೆ ಅದೇ ಪಕ್ಕದ ಮನೆಯ ಗೋಡೆ. ಇಲ್ಲಿಯದನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಊರಿನದನ್ನು ಕಟ್ಟಿಸಿದವಳು ನಾನೇ.