ಕರಿ ಬಂಡೆಗೆ ನೀರು ಮುಟ್ಟಿದಾಗ

ನಾನು ಗಾಜಿಪುರದ ವೈಷ್ಣವರ ಮನೆಯವನು, ಬ್ಯಾಂಕ್ ಗುಮಾಸ್ತ. ಮೀನು ತಿನ್ನುವವನಲ್ಲ, ಆದರೆ ಗಾಳದ ಹುಚ್ಚು ಮಾತ್ರ ಬಿಡಲಿಲ್ಲ. ಕೊಕ್ಕೆಗೆ ಕೋಳಿಗರಿ ಸುತ್ತಿ, ಹುಳದಂತೆ ಮಾಡಿ ಎಸೆಯುವುದು, ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುವುದು. ತೊಂಬತ್ತರ ದಶಕದಲ್ಲಿ ಭಾನುವಾರ ಬಂತೆಂದರೆ ಕಮಲಾಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಕೆಂಪು ಬಾಳೆ ಬೆಳೆಯುವ ಗೆಳೆಯನೊಬ್ಬ ಕೆರೆಯಲ್ಲಿ ಮೀನಿರುವ ಜಾಗ ತೋರಿಸುತ್ತಿದ್ದ. "ತಿನ್ನಂಗಿಲ್ಲ, ಮಾರಂಗಿಲ್ಲ. ಎಂಥಾ ಚಟಾರೀ ನಿಮ್ದು?" ಎಂದು ನಗುತ್ತಿದ್ದ. ಗಂಗವ್ವನನ್ನು ಚಪ್ಪಲಿ ಹಾಕಿಕೊಂಡು ತುಳಿಯಬಾರದೆಂದು ನೀರಿನ ಅಂಚಿನಲ್ಲಿ ಬಿಟ್ಟು ಇಳಿಯುತ್ತಿದ್ದ. ಸಂಜೆಗೆ ಚಪ್ಪಲಿ ಇಟ್ಟಲ್ಲೇ ಇರುತ್ತಿದ್ದವು. ಕೆರೆಯ ನೀರು ಎಲ್ಲಿಗೆ ಹೋದೀತು?

ಅವನು ಸಮುದ್ರ ನೋಡಿರಲಿಲ್ಲ. ಒಲ್ಲೆ ಎಂದವನ ಬೆನ್ನುಬಿದ್ದು ಕಾರವಾರದ ಕಡೆಗೆ ಕರೆದೊಯ್ದವನು ನಾನೇ. ಸೂಪರ್ ಮಾರ್ಕೆಟಿನಲ್ಲಿ ಹೊಸ ಚಪ್ಪಲಿಯನ್ನೂ ಕೊಡಿಸಿದ್ದೆ. ಗಾಳದವರಿಗೆ ಜಾಗ ತೋರಿಸುವ ದೋಣಿಯವನೊಬ್ಬ ನಮ್ಮನ್ನು ಮೊದಲ ದಿನ ಅಳಿವೆಗೆ, ಮರುದಿನ ಮರಳದಂಡೆಗೆ, ಮೂರನೆಯ ದಿನ ಬಂಡೆಸಾಲಿಗೆ ಕರೆದೊಯ್ದ. ಗೆಳೆಯ ಎಂದಿನಂತೆ ನೀರಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ಆಗಲೇ ದೂರದ ಬಂಡೆಗೆ ಹೋಗಿದ್ದ. ದೋಣಿ ಕಟ್ಟಲು ಹೊರಟ ದೋಣಿಯವನು ನನಗೆ ಹೇಳಿದ: ಇನ್ನು ಭರತ ಬಂದು ನೀರು ಏರುತ್ತದೆ, ಆ ಕರಿ ಬಂಡೆಗೆ ನೀರು ಮುಟ್ಟಿದ ಕೂಡಲೇ ದಡಕ್ಕೆ ಬನ್ನಿ, ನಿಮ್ಮವರಿಗೂ ತಿಳಿಸಿ. ಹ್ಞೂಂ ಎಂದೆ. ಅಷ್ಟರಲ್ಲಿ ನನ್ನ ಗಾಳ ಜಗ್ಗಿತು.

ಅಷ್ಟು ದೊಡ್ಡ ಮೀನು ನನಗೆಂದೂ ಸಿಕ್ಕಿರಲಿಲ್ಲ. ಸುಡುಗಾಡು ಮೀನು! ಅದನ್ನು ಆಡಿಸುತ್ತ ದಡದವರೆಗೆ ಸರಿದೆ, ಹೇಳುವುದು ಮರೆತೇಬಿಟ್ಟೆ. ತಿರುಗಿ ನೋಡಿದರೆ ಕರಿ ಬಂಡೆ ಕಾಣಲಿಲ್ಲ. ಗೆಳೆಯ ನೀರಿನಲ್ಲಿ ಕಾಲೆಳೆಯುತ್ತ ಬರುತ್ತಿದ್ದ. ತನ್ನ ಹೊಸ ಚಪ್ಪಲಿ ತೇಲಿಹೋಗುವುದು ಕಂಡು ಮತ್ತೆ ಹಿಂದಕ್ಕೆ ಹೋದ. ಬಿಡೋ, ಹಾಳಾಗಿ ಹೋಗಲಿ ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಎರಡು ಅಲೆ ತಡೆದ, ಮೂರನೆಯದಕ್ಕೆ ಹೋದ. ಸಂಜೆ ದೋಣಿಯವನೇ ಹೆಣ ತಂದ.

ಕಾರ್ಯ ಮುಗಿದ ಮೇಲೆ ಕಮಲಾಪುರಕ್ಕೆ ಹೋದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವನ ಹೆಂಡತಿ ಚಹಾ ಕೊಟ್ಟು ಬಾಗಿಲ ಬಳಿ ಕೂತಳು.

"ನೀರು ತಾನಾಗೇ ಏರ್ತದಂತ ನಮಗೇನ್ ಗೊತ್ತು, ಅಣ್ಣಾ? ಆ ದೋಣಿಯವ ಒಂದ್ ಮಾತ್ ಹೇಳಬಾರ್ದಿತ್ತೇನ್ರೀ?"



"ಹೇಳಬೇಕಿತ್ತು, ತಂಗಿ" ಎಂದೆ.

ಥೂ, ನನ್ನ ಜನ್ಮಕ್ಕಿಷ್ಟು! ಹೊರಡುವಾಗ ಆಕೆ ನನ್ನ ಚೀಲದ ತುಂಬ ಕೆಂಪು ಬಾಳೆಹಣ್ಣು ಹಾಕಿದಳು. ಬೇಡವೆನ್ನಲೂ ಆಗಲಿಲ್ಲ. ಆಕೆ ಇಂದಿಗೂ ದೋಣಿಯವನನ್ನೇ ಬೈಯುತ್ತಾಳೆ.